ಖಡ್ಗ ಹಿಡಿದ ಶ್ರಾವಕ ಚಾವುಂಡರಾಯ

ನಮ್ಮ ಮಡಕಶಿರಾ ಸೀಮೆಯ ಹೇಮಾವತಿಯು ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ಗುಡಿಗಳ ಕಂಬಗಳನ್ನು ನೀವೆಲ್ಲ ನೋಡಿರುತ್ತೀರಿ. ಆ ನೊಳಂಬರ ಬಲವನ್ನು ಮುರಿದವನು ಗಂಗರ ದೊರೆ ಮಾರಸಿಂಹ. ಅವನಿಗೆ ನೊಳಂಬಕುಲಾಂತಕ ಎಂಬ ಬಿರುದಿತ್ತು. ಅವನ ಮಂತ್ರಿಯೂ ದಂಡನಾಯಕನೂ ಆಗಿದ್ದವನೇ ಚಾವುಂಡರಾಯ.

ಬ್ರಹ್ಮಕ್ಷತ್ರ ಕುಲದ ಈ ವೀರನು ಗೋನೂರಿನ ಕಾಳಗದಲ್ಲಿ ನೊಳಂಬರನ್ನು ಸೋಲಿಸಿ ವೀರಮಾರ್ತಂಡನೆನಿಸಿದನು. ಉಚ್ಚಂಗಿಯ ಕೋಟೆಯಲ್ಲಿ ಹೋರಾಡಿ ರಣರಂಗಸಿಂಗನೆನಿಸಿದನು. ಹೀಗೆ ಅವನ ಕತ್ತಿಯ ಪೆಟ್ಟು ಬಿದ್ದದ್ದು ನಮ್ಮ ನಾಡಿನ ಅರಸರ ಮೇಲೆಯೇ. ಆದರೂ ಅವನನ್ನು ನಾವು ಗೌರವದಿಂದ ನೆನೆಯುತ್ತೇವೆ. ಇದೇಕೆ?

ಹನ್ನೆರಡನೆಯ ಶತಮಾನದಲ್ಲಿ ಜೆರೂಸಲೇಮಿನಲ್ಲಿ ಟೆಂಪ್ಲರರೆಂಬ ಕ್ರೈಸ್ತ ಪಂಥವೊಂದು ಹುಟ್ಟಿತು. ಅಲ್ಲಿ ಸಂನ್ಯಾಸಿಯ ವ್ರತ ತೊಟ್ಟವನೇ ಕತ್ತಿಯನ್ನೂ ಹಿಡಿದನು. ಗಂಗವಾಡಿಯ ಜೈನ ಸಂಘದ ರೀತಿ ಬೇರೆ. ಯತಿಯು ಆಯುಧ ಮುಟ್ಟಲಿಲ್ಲ. ಆಯುಧ ಹಿಡಿದವನು ಶ್ರಾವಕನಾಗಿ ಯತಿಯ ಪಾದದ ಬಳಿ ಕುಳಿತನು. ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅದೇ ಗುರುವಿನ ಶಿಷ್ಯ ಚಾವುಂಡರಾಯ.

ಮುಂದೆ ರಾಚಮಲ್ಲನ ಆಳ್ವಿಕೆಯಲ್ಲಿಯೂ ಅವನೇ ಮಂತ್ರಿ. ಕ್ರಿ.ಶ. 978ರಲ್ಲಿ ಅರವತ್ತಮೂರು ಮಹಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಅದೇ ಚಾವುಂಡರಾಯ ಪುರಾಣ. ಕವಿ ರನ್ನನಿಗೆ ಆಶ್ರಯವಿತ್ತನು. ನೇಮಿಚಂದ್ರಾಚಾರ್ಯರು ಅವನಿಗಾಗಿ ಗೊಮ್ಮಟಸಾರವನ್ನು ರಚಿಸಿದರು. ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಬಾಹುಬಲಿಯ ಮೂರ್ತಿಯನ್ನು ಕಡೆಸಿದನು. ಬಾಹುಬಲಿಯು ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು ತಪಸ್ಸಿಗೆ ನಿಂತವನು. ಜೀವಮಾನವೆಲ್ಲ ಗೆಲ್ಲುವುದರಲ್ಲಿ ತೊಡಗಿದ್ದ ದಂಡನಾಯಕನು ಗೆಲುವನ್ನು ತೊರೆದವನನ್ನೇ ಆರಿಸಿಕೊಂಡನೆಂಬುದು ಮನನೀಯವಾದ ಸಂಗತಿ.

ಮೊದಲ ಅಭಿಷೇಕದ ದಿನ ಅವನು ಸುರಿಸಿದ ಕೊಡಗಟ್ಟಲೆ ಹಾಲು ಮೂರ್ತಿಯ ಪಾದವನ್ನು ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಅಡಿಯವರೆಗೂ ಹರಿಯಿತಂತೆ. ಆಗ ಅವನ ಅಹಂಕಾರ ಕರಗಿತೆಂದು ಜನ ಹೇಳುತ್ತಾರೆ. ಆ ಗುಳ್ಳಕಾಯಜ್ಜಿಯ ಶಿಲ್ಪವನ್ನು ಇಂದಿಗೂ ಬೆಟ್ಟದ ಮೇಲೆ ಕಾಣಬಹುದು.

ಗಂಗರ ರಾಜ್ಯವೂ ಉಳಿಯಲಿಲ್ಲ, ನೊಳಂಬರ ರಾಜ್ಯವೂ ಉಳಿಯಲಿಲ್ಲ. ಗೋನೂರಿನ ಗೆಲುವು ಶಾಸನದ ಒಂದು ಮಾತಾಗಿ ನಿಂತಿತು. ಗೊಮ್ಮಟನೆದುರು ಮಾತ್ರ ಸೋತವರ ನಾಡಿನವರಾದ ನಾವೂ ಕೈಮುಗಿಯುತ್ತೇವೆ. ಮಕ್ಕಳೇ, ಹೇಮಾವತಿಗೆ ಹೋದಾಗ ಚಾವುಂಡರಾಯನನ್ನೂ, ಬೆಳಗೊಳಕ್ಕೆ ಹೋದಾಗ ನಮ್ಮ ನೊಳಂಬರನ್ನೂ ಒಮ್ಮೆ ನೆನೆಯಿರಿ.