ಟೋಪಿಯ ಪಿನ್‌ನಿಂದ ಎಂಜಿನ್ ಸರಿಮಾಡಿದ ಬರ್ತಾ ಬೆಂಝ್: ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಕಾರು ಕಂಡುಹಿಡಿದವನ ಹೆಂಡತಿ ಮರ್ಸಿಡಿಸ್ ಗಂಡನಿಗೆ ಹೇಳದೆ ಕಾರು ಓಡಿಸಿಕೊಂಡು ತವರಿಗೆ ಹೋದಳು, ದಾರಿಯಲ್ಲಿ ಕೆಟ್ಟ ಎಂಜಿನ್ನನ್ನು ಟೋಪಿಯ ಪಿನ್‌ನಿಂದ ರಿಪೇರಿ ಮಾಡಿದಳು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಹೆಸರು ತಪ್ಪು. ಉಳಿದದ್ದು ಬಹುಪಾಲು ನಿಜ.

ಆಕೆ ಬರ್ತಾ ಬೆಂಝ್. ಮರ್ಸಿಡಿಸ್ ಎಂಬುದು ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಮಗಳ ಹೆಸರು. ಡೈಮ್ಲರ್ ಮತ್ತು ಬೆಂಝ್ ಕಂಪನಿಗಳು 1926ರಲ್ಲಿ ಒಂದಾದಾಗ ಎರಡು ಹೆಸರುಗಳೂ ಜೊತೆಯಾದವು.

ಬರ್ತಾ ಹುಟ್ಟಿದ್ದು 1849ರಲ್ಲಿ, ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ. ಕಾರ್ಲ್ ಬೆಂಝ್ ವರ್ಕ್‌ಶಾಪ್‌ನ ಪಾಲುದಾರನನ್ನು ಬಿಡಿಸಲು 1871ರಲ್ಲಿ ಹಣ ಬೇಕಾದಾಗ, ಮದುವೆಗೂ ಮೊದಲೇ ತನ್ನ ವರದಕ್ಷಿಣೆಯ ಹಣ ಕೊಟ್ಟವಳು ಆಕೆ. 1886ರಲ್ಲಿ ಪೇಟೆಂಟ್ ಅರ್ಜಿ ಹೋಗಿದ್ದು ಕಾರ್ಲ್ ಹೆಸರಿನಲ್ಲಿ. ಮೂರು ಚಕ್ರದ ಗಾಡಿ ತಯಾರಾಯಿತು, ಆದರೆ ಕೊಳ್ಳಲು ಜನ ಮುಂದೆ ಬರಲಿಲ್ಲ. ಅಂದರೆ ಮುಳುಗುತ್ತಿದ್ದದ್ದು ಬರ್ತಾಳ ದುಡ್ಡೂ ಹೌದು.

1888ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ, 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್‌ನನ್ನು ಕೂರಿಸಿಕೊಂಡು ಆಕೆ ಮ್ಯಾನ್‌ಹೈಮ್‌ನಿಂದ ತವರಿನತ್ತ ಹೊರಟಳು. ದೂರ 100 ಕಿ.ಮೀ.ಗಿಂತ ಹೆಚ್ಚು. ಪೆಟ್ರೋಲ್ ಬಂಕ್ ಇಲ್ಲದ ಕಾಲ. ವೀಸ್‌ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನೇ ಇಂಧನವಾಗಿ ತುಂಬಿಸಿಕೊಂಡಳು.

ಇಂಧನದ ಪೈಪಿನಲ್ಲಿ ಕಸ ಕಟ್ಟಿಕೊಂಡಿತು; ಟೋಪಿಯ ಪಿನ್ ಹಾಕಿ ತೆಗೆದಳು. ಕಿಡಿ ಕೊಡುವ ವೈರಿನ ಹೊದಿಕೆ ಸವೆದಿತ್ತು. ಕಾಲುಚೀಲ ಬಿಗಿಯುವ ಪಟ್ಟಿ ಸುತ್ತಿದಳು. ನಮಗೆ ಮುಖ್ಯವಾದದ್ದು ಇದೇ. ಹಳೆಯ ಪೆಟ್ರೋಲ್ ಪಿಕಪ್ ನಿಂತಲ್ಲೇ ನಡುಗಿದರೆ, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸಿದರೆ, ಮೊದಲು ನೋಡಬೇಕಾದದ್ದು ಇಂದಿಗೂ ಇಂಧನ ಮತ್ತು ಕಿಡಿ, ಜೊತೆಗೆ ಗಾಳಿ. (ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅದರ ಕಥೆ ಬೇರೆ.)

ಐಡಲ್‌ನಲ್ಲಿ ಸರಿಯಿದ್ದು, ವೇಗ ಹೆಚ್ಚಿಸುವಾಗ ಅಥವಾ ಏರಿನಲ್ಲಿ ಮಾತ್ರ ಉಸಿರುಕಟ್ಟಿದರೆ ಫ್ಯುಯೆಲ್ ಫಿಲ್ಟರ್ ಕಟ್ಟಿರಬಹುದು: ಕಡಿಮೆ ಬೇಡಿಕೆಗೆ ಸಾಲುವ ಇಂಧನ ಹೆಚ್ಚಿನ ಬೇಡಿಕೆಗೆ ಸಾಲದು. ಐಡಲ್‌ನಲ್ಲೇ ಹೆಚ್ಚು ನಡುಗಿ, ವೇಗದಲ್ಲಿ ಸುಧಾರಿಸಿದರೆ ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟಿದೆಯೇ ನೋಡಿ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಸೋರಿಕೆಯೂ ಮಿಶ್ರಣವನ್ನು ಕೆಡಿಸುತ್ತದೆ. ಮಳೆಯಲ್ಲಿ, ತೇವದಲ್ಲಿ ಮಿಸ್ಸಿಂಗ್ ಹೆಚ್ಚಾದರೆ ಪ್ಲಗ್ ವೈರ್ ಮೇಲೆ ಅನುಮಾನ ಪಡಬಹುದು. ಕತ್ತಲಲ್ಲಿ ಬಾನೆಟ್ ಎತ್ತಿ, ಕೈ ಹಾಕದೆ ನೋಡಿದರೆ ಸೋರುವ ಕಿಡಿ ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ.

ಆದರೆ ಪಿನ್ ಉಪಾಯ ಬೇಡ. ಈಚಿನ ಕಾರ್ಬೊರೇಟರ್ ಜೆಟ್‌ನ ರಂಧ್ರ ಅಳತೆಗೆ ಕೊರೆದದ್ದು. ಪಿನ್ ಹಾಕಿದರೆ ಹಿಗ್ಗಿ, ಗಾಡಿ ಪೆಟ್ರೋಲ್ ಕುಡಿಯತೊಡಗುತ್ತದೆ. ಎಂಜಿನ್ ಓಡುವಾಗ ಕಾರ್ಬೊರೇಟರ್‌ಗೆ ಕೈಯಿಂದ ಪೆಟ್ರೋಲ್ ಸುರಿದು ಪರೀಕ್ಷಿಸುವುದಂತೂ ಅಪಾಯ. ಒಂದು ಬ್ಯಾಕ್‌ಫೈರ್ ಸಾಕು, ಬೆಂಕಿ ಮುಖಕ್ಕೇ ಬರುತ್ತದೆ.

ಏರುಗಳಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಸಂಜೆ ತವರು ತಲುಪಿ ಗಂಡನಿಗೆ ಟೆಲಿಗ್ರಾಂ ಕಳಿಸಿದಳು, ಕೆಲವು ದಿನಗಳ ಬಳಿಕ ಅದೇ ಗಾಡಿಯಲ್ಲಿ ಮರಳಿದಳು. ಆ ಪ್ರಯಾಣದ ಅನುಭವದಿಂದ ಕಾರ್ಲ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದ. ಬರ್ತಾ ತೀರಿಕೊಂಡದ್ದು 1944ರ ಮೇ 5ರಂದು, 95 ತುಂಬಿದ ಎರಡು ದಿನಕ್ಕೆ.