‘ಗದ್ದಲ’ ಎಂಬ ಸುಗಂಧ ಕೊಟ್ಟ ಜರ್ಮೇನ್ ಸೆಲಿಯೆ

ಮದುವೆಯ ಹಾರಕ್ಕೂ ಅಂತಿಮ ದರ್ಶನದ ಹಾರಕ್ಕೂ ನಮ್ಮಲ್ಲಿ ಸುಗಂಧರಾಜವೇ ಬೇಕು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ತೂಕದ ಲೆಕ್ಕದಲ್ಲಿ ಬಿಕರಿಯಾಗುವ ಈ ಹೂವಿನ ಮೂಲ ಮೆಕ್ಸಿಕೋ. ಅದರ ಪರಿಮಳವನ್ನು 1948ರಲ್ಲಿ ಪ್ಯಾರಿಸ್‌ನಲ್ಲಿ ಸೀಸೆಗೆ ತುಂಬಿ, ಅದಕ್ಕೊಂದು ಅಬ್ಬರವನ್ನು ತಂದುಕೊಟ್ಟವರು ಜರ್ಮೇನ್ ಸೆಲಿಯೆ. ಆ ಸುಗಂಧದ್ರವ್ಯದ ಹೆಸರು ‘ಫ್ರಾಕಾ’. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಗದ್ದಲ.

1909ರಲ್ಲಿ ಬೋರ್ಡೋ ನಗರದಲ್ಲಿ ಜನಿಸಿದ ಸೆಲಿಯೆ, ಇಪ್ಪತ್ತರ ಹರೆಯದಲ್ಲಿ ರಸಾಯನಶಾಸ್ತ್ರ ಕಲಿಯಲು ಪ್ಯಾರಿಸ್‌ಗೆ ಬಂದರು. ಬಳಿಕ ಸುಗಂಧದ ಕಚ್ಚಾವಸ್ತುಗಳನ್ನು ತಯಾರಿಸುತ್ತಿದ್ದ ರೂರ್ ಬರ್ಟ್ರಾಂ ದ್ಯುಪೋಂ ಸಂಸ್ಥೆಯನ್ನು ಸೇರಿದರು. ಸುಗಂಧ ಸಂಯೋಜನೆ ಆಗ ಬಹುಮಟ್ಟಿಗೆ ಗಂಡಸರ ಕಸುಬು. ನೇರ ಮಾತಿನ ಈ ಮಹಿಳೆಗೂ ಸಂಸ್ಥೆಯ ಹಿರಿಯ ಸಂಯೋಜಕ ಜಾನ್ ಕಾರ್ಲ್ ಅವರಿಗೂ ಹೊಂದಿಕೆಯಾಗಲಿಲ್ಲ. ಮುಖ್ಯಸ್ಥ ಲೂಯಿ ಅಮಿಕ್ ಸೆಲಿಯೆ ಅವರನ್ನು ಬಿಟ್ಟುಕೊಡಲಿಲ್ಲ. ಅವರಿಗೆಂದೇ ಪ್ರತ್ಯೇಕ ಪ್ರಯೋಗಾಲಯವೊಂದನ್ನು ಮಾಡಿಕೊಟ್ಟರು.

ಆ ನಂಬಿಕೆ ಹುಸಿಯಾಗಲಿಲ್ಲ. ವಸ್ತ್ರವಿನ್ಯಾಸಕ ರಾಬರ್ಟ್ ಪಿಗೇ ಅವರಿಗಾಗಿ 1944ರಲ್ಲಿ ಸಿದ್ಧಪಡಿಸಿದ ‘ಬಾಂದಿ’ಯಲ್ಲಿ ಹೂವಿಗಿಂತ ತೊಗಲಿನ ವಾಸನೆಯೇ ಮುಂದು. 1947ರಲ್ಲಿ ಪಿಯೆರ್ ಬಾಲ್ಮೇನ್ ಅವರಿಗೆ ಕೊಟ್ಟ ‘ವಾಂ ವೇರ್’ನಲ್ಲಿ ಗ್ಯಾಲ್ಬನಮ್ ಎಂಬ ಗಿಡದ ಅಂಟಿನ ಹಸಿರು ಘಾಟನ್ನು ಯಾರೂ ಬಳಸದಷ್ಟು ಧಾರಾಳವಾಗಿ ಬಳಸಿದರು.

ಮರುವರ್ಷ, ಮತ್ತೆ ಪಿಗೇ ಅವರಿಗಾಗಿ, ‘ಫ್ರಾಕಾ’ ಬಂತು. ಫ್ರಾನ್ಸ್ ಇನ್ನೂ ಯುದ್ಧದ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ ಕಾಲವದು. ಪಡಿತರ ಪದ್ಧತಿ 1949ರವರೆಗೂ ಮುಂದುವರಿದಿತ್ತು. ಅಂಥ ದಿನಗಳಲ್ಲಿ ಸುಗಂಧರಾಜದ ದುಬಾರಿ ಸತ್ವಕ್ಕೆ ಮಲ್ಲಿಗೆ, ಕಿತ್ತಳೆ ಹೂಗಳು ಬೆರೆತವು. ತಳದಲ್ಲಿ ಶ್ರೀಗಂಧ, ಕಸ್ತೂರಿಗಳ ಛಾಯೆ. ತೋಟದ ಹೂವಿನ ಮೃದುವಾದ ನಕಲು ಇದಲ್ಲ. ಬೆಣ್ಣೆಯಂಥ ಸ್ನಿಗ್ಧತೆ, ಉಸಿರುಗಟ್ಟಿಸುವಷ್ಟು ಗಾಢತೆ ಇದರ ಗುಣ. ಮಣಿಕಟ್ಟಿಗೆ ಒಂದೇ ಹನಿ ಸವರಿಕೊಂಡು ಬಂದವರ ಪರಿಮಳ, ಅವರು ಎದ್ದುಹೋದ ಮೇಲೂ ಕೋಣೆಯಲ್ಲಿ ನಿಂತಿರುತ್ತದೆ. ಯಾರ ಗಮನಕ್ಕೂ ಬಾರದೆ ಇರಬಯಸುವವರಿಗೆ ಇದು ಹೇಳಿಸಿದ್ದಲ್ಲ. ಲಿಫ್ಟಿನಲ್ಲಂತೂ ಅಕ್ಕಪಕ್ಕದವರ ಸಹನೆಯ ಪರೀಕ್ಷೆಯೇ ಸರಿ!

ಪಿಗೇ 1951ರಲ್ಲಿ ತಮ್ಮ ವಸ್ತ್ರಮಳಿಗೆಯನ್ನು ಮುಚ್ಚಿ, 1953ರಲ್ಲಿ ನಿಧನರಾದರು. ಅದೇ ವರ್ಷ ಬಾಲ್ಮೇನ್ ಅವರಿಗಾಗಿ ಸೆಲಿಯೆ ಸಂಯೋಜಿಸಿದ ‘ಜೋಲಿ ಮದಾಮ್’ ಹೊರಬಂತು. ಆದರೆ ಆ ಕಾಲದಲ್ಲಿ ಸುಗಂಧದ ಕೀರ್ತಿಯೆಲ್ಲ ವಸ್ತ್ರವಿನ್ಯಾಸಕರಿಗೇ ಸಲ್ಲುತ್ತಿತ್ತು; ಸಂಯೋಜಕರು ತೆರೆಮರೆಯಲ್ಲೇ ಉಳಿಯುತ್ತಿದ್ದರು. ಸೆಲಿಯೆ 1976ರಲ್ಲಿ ತೀರಿಕೊಂಡರು.

ಮುಂದಿನವರಿಗೆ ಅವರು ಬಿಟ್ಟುಹೋದ ಸೂತ್ರಗಳು ಸುಲಭದ ತುತ್ತಾಗಿರಲಿಲ್ಲ. ಮೊದಲೇ ಬೆರೆಸಿಟ್ಟ ಸಿದ್ಧ ಮಿಶ್ರಣಗಳನ್ನು ಅವರು ಹೇರಳವಾಗಿ ಬಳಸುತ್ತಿದ್ದರು. ಅಂಥ ಮಿಶ್ರಣ ತಯಾರಿಕೆ ನಿಂತುಹೋದರೆ, ಚೀಟಿಯಲ್ಲಿ ಅದರ ಹೆಸರಿದ್ದೂ ಪ್ರಯೋಜನವಿಲ್ಲ. 1990ರ ದಶಕದಲ್ಲಿ ‘ಫ್ರಾಕಾ’ವನ್ನು ಮತ್ತೆ ಮಾರುಕಟ್ಟೆಗೆ ತಂದವರು ಹೊಸದಾಗಿಯೇ ಸಂಯೋಜಿಸಬೇಕಾಯಿತು. ಹಳೆಯ ಸೀಸೆಗಳನ್ನು ಸಂಗ್ರಹಕಾರರು ಈಗಲೂ ಹುಡುಕುತ್ತಾರೆ. ಅವುಗಳ ಮೇಲಿರುವುದು ಪಿಗೇ ಹೆಸರು.