ದಿನಗಳನ್ನೆಣಿಸಿ ದುಡಿದ ಕಿಟ್ಟೆಲ್ ಅಯ್ಯನವರು

ಕರ್ತನ ಶ್ರಮೆಯನ್ನು ಧ್ಯಾನಿಸುವ ನಾಲ್ವತ್ತು ದಿನಗಳು ಬಂದಿವೆ. ನಾವು ಮಣ್ಣಿನವರು, ಮಣ್ಣಿಗೆ ಸೇರತಕ್ಕವರು ಎಂಬದನ್ನು ಈ ಕಾಲದಲ್ಲಿ ನೆನಸುತ್ತೇವೆ. ಆದರೆ ಮರಣದ ನೆನಪು ನಮ್ಮನ್ನು ಕೈಕಟ್ಟಿ ಕೂಡ್ರಿಸುವದಕ್ಕಲ್ಲ. ಉಳಿದ ದಿನಗಳಲ್ಲಿ ಯಾವದನ್ನು ಹಿಡಿಯಬೇಕು, ಯಾವದನ್ನು ಬಿಡಬೇಕು ಎಂದು ತಿಳಿಸುವದಕ್ಕಾಗಿಯೇ. ಇದಕ್ಕೆ ದೃಷ್ಟಾಂತವಾಗಿ ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯನ್ನು ಬರೆಯುತ್ತೇವೆ.

ಅವರು 1832ರಲ್ಲಿ ಉತ್ತರ ಜರ್ಮನಿಯ ಸಮುದ್ರತೀರದ ಒಂದು ಸೀಮೆಯಲ್ಲಿ, ಸಭಾಪಾಲಕರೊಬ್ಬರ ಮನೆಯಲ್ಲಿ ಹುಟ್ಟಿದರು. ಬಾಸೆಲಿನಲ್ಲಿ ಓದಿ, 1853ರಲ್ಲಿ ಈ ದೇಶಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರುಷ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆಮಾಡಿದರು. ಕನ್ನಡವನ್ನು ಕನ್ನಡಿಗರಂತೆ ಅರಿಯದೆ ಕನ್ನಡಿಗರಿಗೆ ಸುವಾರ್ತೆ ಸಾರುವದು ಹೇಗೆ? ಆದಕಾರಣ ಅವರು ಹಳೆಯ ಕಾವ್ಯಗಳನ್ನು ಓದಿದರು, ಜನರ ಮಾತುಗಳನ್ನೂ ಗಾದೆಗಳನ್ನೂ ಕೂಡಿಸಿದರು. 1862ರಲ್ಲಿ ಯೇಸುಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹಾಡಿದ ಅವರ ಕಥಾಮಾಲೆಯು ಹೊರಬಂತು.

ಮರಣವು ಅವರ ಮನೆಯ ಬಾಗಲಿಗೂ ಬಂತು. ಮದುವೆಯಾಗಿ ಬಹಳ ವರುಷ ಕಳೆಯುವದರೊಳಗೆ ಪತ್ನಿ ಪೌಲಿನಮ್ಮನವರು ಚಿಕ್ಕ ಮಕ್ಕಳನ್ನು ಬಿಟ್ಟು ಕರ್ತನಲ್ಲಿ ನಿದ್ರಿಸಿದರು. ತರುವಾಯ ಆಕೆಯ ತಂಗಿ ಯೂಲಿಯಮ್ಮನವರು ಆ ಮನೆಗೆ ತಾಯಿಯಾಗಿ ಬಂದರು. ಇಂಥ ದುಃಖವನ್ನು ಕಂಡಾಗ್ಯೂ ಅಯ್ಯನವರು ಹಿಡಿದ ಕೆಲಸವನ್ನು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚುಹಾಕಿಸಿದರು.

ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸವಾದ ಕನ್ನಡ ನಿಘಂಟು ಇನ್ನೂ ಮುಗಿದಿರಲಿಲ್ಲ. 1877ರಲ್ಲಿ ಅವರು ಸ್ವದೇಶಕ್ಕೆ ಹೋದರು. ಅಲ್ಲಿಯೇ ಉಳಿದು ವಿಶ್ರಾಂತಿ ಪಡೆದಿದ್ದರೆ ಯಾರೂ ತಪ್ಪೆಣಿಸುತ್ತಿದ್ದಿಲ್ಲ. ಆದರೂ 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಆ ಕೆಲಸಕ್ಕಾಗಿಯೇ ಮತ್ತೆ ಸಮುದ್ರವನ್ನು ದಾಟಿ ಬಂದರು. ಆ ಕಾಲದಲ್ಲಿ ಈ ವಯಸ್ಸಿನವರು ಉಷ್ಣದೇಶಕ್ಕೆ ಮರಳುವದು ಸುಲಭವಾದ ನಿರ್ಣಯವಲ್ಲ. ನಾಡಿನ ಪಂಡಿತರನ್ನು ಸಂಗಡ ಕೂಡ್ರಿಸಿಕೊಂಡು, ಒಂದೊಂದು ಶಬ್ದದ ಅರ್ಥವನ್ನೂ ಪ್ರಯೋಗವನ್ನೂ ಹುಡುಕಿ, ತಮಿಳು, ತೆಲುಗು, ಮಲಯಾಳ, ತುಳು ಮಾತುಗಳ ಸಂಬಂಧವನ್ನು ತೂಗಿನೋಡಿ ಬರೆದರು. 1892ರಲ್ಲಿ ಜರ್ಮನಿಗೆ ಮರಳಿದರು. 1894ರಲ್ಲಿ ಸುಮಾರು 70,000 ಶಬ್ದಗಳುಳ್ಳ ಆ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಾಶಾಲೆಯಿಂದ ಹೊರಟಿತು. ಎರಡು ವರುಷಗಳ ತರುವಾಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದವರು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟರು.

ಅಷ್ಟಕ್ಕೆ ಅವರು ಲೇಖಣಿಯನ್ನು ಕೆಳಗಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷದ ದಶಂಬರ ತಿಂಗಳಲ್ಲಿ ಟ್ಯೂಬಿಂಗೆನಿನಲ್ಲಿ ಅವರು ದೇಹವನ್ನು ಬಿಟ್ಟರು. ಆ ವ್ಯಾಕರಣವನ್ನು ಒಂದೆರಡು ವರುಷ ಮುಂದಕ್ಕೆ ಹಾಕಿದ್ದರೆ ಅವರ ಕೈಯಿಂದ ಅದು ಮುಗಿಯುತ್ತಿದ್ದಿಲ್ಲ!

ಸುವಾರ್ತೆಗೋಸ್ಕರ ಆರಂಭವಾದ ಆ ನಿಘಂಟು ಕನ್ನಡ ಮಾತಾಡುವವರೆಲ್ಲರ ಸೊತ್ತಾಯಿತು. ಇಂದಿಗೂ ವಿದ್ವಾಂಸರು ಅದನ್ನು ತೆರೆಯುತ್ತಾರೆ.

ನಿಘಂಟು ಬರೆಯುವ ಕರೆ ನಮ್ಮೆಲ್ಲರಿಗಿಲ್ಲ. ಆದರೆ ಅರ್ಧಕ್ಕೆ ನಿಂತ ಕೆಲಸವು ಯಾರ ಮನೆಯಲ್ಲಿಲ್ಲ? ಅಣ್ಣತಮ್ಮಂದಿರ ಮುರಿದ ಸಮಾಧಾನ, ತೀರಿಸದ ಸಾಲ, ಶಾಲೆಬಿಟ್ಟ ಮಗಳ ಓದು, ನೋಡಲು ಹೋಗದೆ ಉಳಿದ ರೋಗಿ: ಇವೆಲ್ಲಾ ನಾಳೆ ಎಂಬ ಮಾತಿನಲ್ಲಿ ಬಿದ್ದುಕೊಂಡಿವೆ. ನಾಳೆಯು ನಮ್ಮ ಕೈಯಲ್ಲಿಲ್ಲ. ಆದದರಿಂದ, ಪ್ರಿಯರೇ, ಇವುಗಳಲ್ಲಿ ಒಂದನ್ನಾದರೂ ಈ ಹೊತ್ತು ಕೈಗೆತ್ತಿಕೊಂಡು, ಶುಭ ಶುಕ್ರವಾರವು ಬರುವದರೊಳಗೆ ಮುಗಿಸುವದಕ್ಕೆ ಕರ್ತನ ಸಹಾಯವನ್ನು ಬೇಡೋಣ.